ಕಿಕ್ ಹೊಡೆಯುವ ಮೊದಲು ಇದನ್ನು ಓದು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಗುಂಡ್ಯದ ಹತ್ತಿರ ಬುಲೆಟ್ ಬಿಸಿಯಾಗಿ ನಿಂತುಹೋಯಿತು, ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಯಿತು ಅಂದೆ. ಅಲ್ಲಿಯವರೆಗೂ ನಾನು ಸಮಾಧಾನವಾಗಿಯೇ ಕೇಳುತ್ತಿದ್ದೆ. ಆಮೇಲೆ 'ಕಿಕ್ ವಾಪಸ್ ಹೊಡೀತು, ಕಾಲು ಸ್ವಲ್ಪ ಊದಿದೆ ಅಷ್ಟೇ' ಅಂದೆಯಲ್ಲ, ಆಗ ನನ್ನ ದನಿ ಏರಿತು. ಗಾಡಿ ವಾಪಸ್ ಕಳಿಸಿಬಿಡು ಅಂದದ್ದು ಹೆದರಿಕೆಯಲ್ಲಿ. ನಿನಗೆ ಓಡಿಸಲು ಬರುವುದಿಲ್ಲ ಅಂತ ಅಲ್ಲ. ಬಲಗಾಲಿನ ಗೇರು, ಎಡಗಾಲಿನ ಬ್ರೇಕು ಇರುವ ಹಳೇ ಗಾಡಿಯನ್ನು ಒಬ್ಬಳೇ ಶಿರಾಡಿ ಘಾಟಿ ಇಳಿಸಿದ್ದೀಯ. ಹಾಸನದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದ್ದೇನೆ. ಬೇಜಾರು ಮಾಡ್ಕೋಬೇಡ.

ಈ ಗಾಡಿ ನಮ್ಮ ಮನೆಗೆ ಬಂದ ಕಥೆ ನಿನಗೆ ಗೊತ್ತೇ ಇದೆ, ಬಿಡು. ಗೊತ್ತಿಲ್ಲದ್ದು ನಿನ್ನ ದೊಡ್ಡಪ್ಪನ ಕಾಲಿನ ವಿಷಯ. ಕಾಫಿ ಕಣದಲ್ಲಿ ಜಾರಿಬಿದ್ದೆ ಅಂತ ಅವನು ನಿಮ್ಮೆಲ್ಲರಿಗೂ ಹೇಳುತ್ತಾನೆ. ಅವನು ಜಾರಿ ಬಿದ್ದಿಲ್ಲ. ಆ ವರ್ಷ ಮಳೆಗಾಲ ಪೂರ್ತಿ ಗಾಡಿ ಸಕಲೇಶಪುರದ ಶೆಡ್ಡಿನಲ್ಲಿ ನಿಂತಿತ್ತು. ಮಳೆ ಬಿಟ್ಟ ಮೇಲೆ ಸಂತೆಗೆ ಹೊರಟವನು ಹವಾಯಿ ಚಪ್ಪಲಿಯಲ್ಲೇ ಒಂದು ಕಿಕ್ ಹೊಡೆದ. ಕಿಕ್ಕರ್ ಕೆಳಗೆ ಹೋದಷ್ಟೇ ಜೋರಾಗಿ ಮೇಲೆ ಬಂತು. ಹಿಮ್ಮಡಿಯ ಮೇಲಿನ ಮೂಳೆ ಮುರಿಯಿತು. ನಾನು ಪಕ್ಕದಲ್ಲೇ ಇದ್ದೆ. ಆ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

ಆಸ್ಪತ್ರೆಯಿಂದ ಬಂದ ಮೇಲೆ, ಕಿಡಿ ಯಾವಾಗ ಹಾರಬೇಕು ಅಂತ ನೋಡಿಕೊಳ್ಳುವ ಡಿಸ್ಟ್ರಿಬ್ಯೂಟರ್ ಬಿಚ್ಚಿ ನೋಡಿದೆ. ಅದರೊಳಗೆ ಕೂಡಿ ತೆರೆಯುತ್ತಾ ಪ್ಲಗ್ಗಿಗೆ ಕಿಡಿ ಕೊಡುವುದು ಪಾಯಿಂಟ್. ಆ ಪಾಯಿಂಟ್ ಪ್ಲೇಟಿನ ಕೆಳಗೆ ಎರಡು ಸಣ್ಣ ತೂಕದ ತುಂಡುಗಳಿರುತ್ತವೆ, ಒಂದೊಂದಕ್ಕೆ ಒಂದು ಸ್ಪ್ರಿಂಗ್. ಎಂಜಿನ್ ನಿಧಾನಕ್ಕೆ ತಿರುಗುವಾಗ ಅವು ಒಳಗೆ ಮಡಚಿಕೊಂಡಿರಬೇಕು. ವೇಗ ಹೆಚ್ಚಿದ ಹಾಗೆ ಹೊರಗೆ ಬಿಚ್ಚಿಕೊಂಡು ಕಿಡಿಯನ್ನು ಮುಂಚೆ ತರುತ್ತವೆ. ಅದಕ್ಕೇ ಅಡ್ವಾನ್ಸ್ ಅನ್ನುವುದು. ಅವತ್ತು ಒಂದು ತುಂಡು ಕೆಂಪಗೆ ತುಕ್ಕು ಹಿಡಿದು ಹೊರಗೇ ಕಚ್ಚಿಕೊಂಡಿತ್ತು. ಅದರ ಸ್ಪ್ರಿಂಗ್ ಸಡಿಲವಾಗಿ ಜೋತಾಡುತ್ತಿತ್ತು. ಬೆರಳಿನಿಂದ ಒತ್ತಿದರೂ ಅಲುಗಲಿಲ್ಲ. ಅಂದರೆ ಜೋರಾಗಿ ಓಡುವಾಗ ಬರಬೇಕಾದ ಕಿಡಿ, ಕಿಕ್ ಹೊಡೆಯುವಾಗಲೇ ಬರುತ್ತಿತ್ತು. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗ ಬೆಂಕಿ ಹತ್ತಿದರೆ ಅದು ಬಂದ ದಾರಿಯಲ್ಲೇ ಕೆಳಗೆ ಬರುತ್ತದೆ. ನಡುವೆ ಸಿಕ್ಕಿದ್ದು ಅಣ್ಣನ ಕಾಲು.

ನೀನಿರುವುದು ಮಂಗಳೂರಿನಲ್ಲಿ, ಪುಟ್ಟಿ. ಉಪ್ಪು ಗಾಳಿ, ಮಳೆ, ಸೆಕೆ. ಅಲ್ಲಿ ತುಕ್ಕಿಗೆ ಒಂದು ಮಳೆಗಾಲವೂ ಬೇಡ. ಮೊದಲು ಆ ತುಂಡುಗಳನ್ನು ನೋಡು. ಬೆರಳಲ್ಲಿ ಬಿಚ್ಚಿ ಬಿಟ್ಟರೆ ಅವು ತಾವಾಗಿ ಒಳಗೆ ಸೇರಿಕೊಳ್ಳಬೇಕು. ಅವು ತಿರುಗುವ ಪಿನ್ನಿಗೆ ಒಂದು ತೊಟ್ಟು ಎಣ್ಣೆ ಸಾಕು. ಜಾಸ್ತಿ ಹಾಕಿದರೆ ಪಾಯಿಂಟಿಗೆ ಸಿಡಿಯುತ್ತದೆ.

ನನಗೆ ಇನ್ನೊಂದು ಅನುಮಾನವೂ ಇದೆ. ಹೊಸ ಪಾಯಿಂಟ್ ಹಾಕಿಸಿದೆ ಅಂದೆಯಲ್ಲ. ಹಾಕಿದವರು ಪಾಯಿಂಟಿನ ಎರಡು ಮುಖಗಳ ನಡುವಿನ ಗ್ಯಾಪ್ ಮಾತ್ರ ನೋಡಿರಬೇಕು, ಕಿಡಿ ಹಾರುವ ಟೈಮಿಂಗ್ ಮುಟ್ಟಿರಲಿಕ್ಕಿಲ್ಲ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಮುಂಚೆ ಬರುತ್ತದೆ. ಕಡಿಮೆಯಾದರೆ ತಡವಾಗುತ್ತದೆ, ಗಾಡಿ ಪಿಕಪ್ ಇಲ್ಲದೆ ಎಳೆಯುತ್ತದೆ, ಸೈಲೆನ್ಸರ್ ಕಾದು ಬಿಸಿಯಾಗುತ್ತದೆ. ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಪಾಯಿಂಟ್ ಪೂರ್ತಿ ತೆರೆದಾಗ, ಸಂದು ಅಳೆಯುವ ತೆಳು ಎಲೆಗಳ ಫಿಲ್ಲರ್ ಗೇಜಿನಲ್ಲಿ 0.35ರಿಂದ 0.40 ಮಿಲಿಮೀಟರ್ ಇರಲಿ. ಎಲೆ ಬಿಗಿಯಾಗಿಯೂ ಬೇಡ, ಸಡಿಲವಾಗಿಯೂ ಬೇಡ, ಸವರಿಕೊಂಡು ಹೋಗಬೇಕು. ಹೊಸ ಪಾಯಿಂಟಿನ ಮುಖಕ್ಕೆ ತುಕ್ಕು ಹಿಡಿಯದಿರಲಿ ಅಂತ ಜಿಡ್ಡು ಸವರಿರುತ್ತಾರೆ. ಪೆಟ್ರೋಲಿನಲ್ಲಿ ಒರೆಸು, ಆಮೇಲೆ ಒಂದು ಬಿಳಿ ಕಾಗದ ಎಳೆದು ನೋಡು. ಕಾಗದ ಕಪ್ಪಾಗಬಾರದು.

ಟೈಮಿಂಗಿಗೆ ಪ್ಲಗ್ ಬಿಚ್ಚು. ಪಿಸ್ಟನ್ ಮೇಲೆ ಬಂದರೆ ಸಾಲದು, ಕಂಪ್ರೆಷನ್ನಿನಲ್ಲೇ, ಅಂದರೆ ಒಳಗಿನ ಗಾಳಿ-ಪೆಟ್ರೋಲನ್ನು ಒತ್ತುತ್ತಲೇ, ಮೇಲೆ ಬಂದಿರಬೇಕು. ಎಂಜಿನ್ ಎರಡು ಸುತ್ತು ತಿರುಗಿದರೆ ಪಾಯಿಂಟಿನ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ, ಅದನ್ನು ಮರೆಯಬೇಡ. ತೂಕದ ತುಂಡುಗಳು ಒಳಗೆ ಮಡಚಿಕೊಂಡಿರುವಾಗ, ಪಿಸ್ಟನ್ ತುದಿ ಮುಟ್ಟಲು 0.8 ಮಿಲಿಮೀಟರ್ ಬಾಕಿ ಇರುವಾಗ ಪಾಯಿಂಟ್ ಆಗಷ್ಟೇ ತೆರೆಯಬೇಕು. ಗ್ಯಾರೇಜಿನವರು ಪ್ಲಗ್ ತೂತಿಗೆ ಸೈಕಲ್ ಕಡ್ಡಿ ಇಳಿಸಿ ಅಳೆಯುತ್ತಾರೆ. ಆ ತೂತು ಓರೆಯಾಗಿದೆ, ಆದ್ದರಿಂದ ಕಡ್ಡಿಯ ಲೆಕ್ಕ ಅಂದಾಜಿನದ್ದೇ. ಪಾಯಿಂಟ್ ತೆರೆಯುವ ಗಳಿಗೆ ತಿಳಿಯಲು ಬ್ಯಾಟರಿಯ ಕರೆಂಟ್ ತೋರಿಸುವ ಆಂಪ್ ಮೀಟರ್ ಸಾಕು. ಕೀ ಆನ್ ಇದ್ದು ಪಾಯಿಂಟ್ ಕೂಡಿದ್ದರೆ ಮುಳ್ಳು ಡಿಸ್‌ಚಾರ್ಜ್ ಕಡೆ ವಾಲಿರುತ್ತದೆ. ತೆರೆದ ತಕ್ಷಣ ನಡುವಿಗೆ ಬರುತ್ತದೆ. ವ್ಯತ್ಯಾಸ ಇದ್ದರೆ ಕ್ಲಾಂಪ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಒಂಚೂರು ತಿರುಗಿಸಿ ಮತ್ತೆ ನೋಡು. ಕೆಲಸ ಮುಗಿದ ಮೇಲೆ ಕೀ ಆಫ್ ಮಾಡು, ಇಲ್ಲದಿದ್ದರೆ ಕಿಡಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಸುಡುತ್ತದೆ.

ಘಾಟಿಯಲ್ಲಿ ನಿಂತದ್ದು ಬೇರೆ ಕಾಯಿಲೆ. ಬಿಸಿಯಾದಾಗ ನಿಂತು, ಆರಿದ ಮೇಲೆ ಹೊರಟರೆ ಮೊದಲ ಅನುಮಾನ ಪಾಯಿಂಟ್ ಸುಡದಂತೆ ಕಾಪಾಡುವ ಕಂಡೆನ್ಸರ್ ಮೇಲೆ, ಎರಡನೆಯದು ಕಾಯಿಲ್ ಮೇಲೆ. ಕತ್ತಲಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಎಂಜಿನ್ ಓಡಿಸು. ಪಾಯಿಂಟಿನ ನಡುವೆ ದಪ್ಪ ನೀಲಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಉಬ್ಬು ಎದ್ದಿದ್ದರೂ ಅದೇ. ಅದಕ್ಕೆ ಅಂತಹ ಖರ್ಚೇನಿಲ್ಲ, ಒಂದು ಕಂಡೆನ್ಸರ್ ಟೂಲ್ ಬಾಕ್ಸಿನಲ್ಲಿ ಇದ್ದೇ ಇರಲಿ.

ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಕಿಟ್ ಹಾಕಿಸ್ತೀನಿ ಅಂದೆ. ಹಾಕಿಸು, ಬೇಡ ಅನ್ನುವುದಿಲ್ಲ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದ ಮೇಲೂ ಬುಲೆಟ್ ದಶಕಗಟ್ಟಲೆ ಪಾಯಿಂಟಿನಲ್ಲೇ ಓಡಿತು. ಪಾಯಿಂಟ್ ಕೆಡುವಾಗ ಮುಂಚೆಯೇ ಹೇಳಿ ಕೆಡುತ್ತದೆ. ರಸ್ತೆ ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರ್ ಇದ್ದರೆ ಮನೆ ಸೇರಬಹುದು. ಕಿಟ್ಟಿನ ಆ ಕಪ್ಪು ಡಬ್ಬಿ ನಿಂತರೆ ನಿಂತೇಹೋಯಿತು. ಆದರೆ ನಿನ್ನ ಕಾಲು ಉಳಿಯುತ್ತದೆ ಅನ್ನುವುದಾದರೆ ಹತ್ತು ಡಬ್ಬಿ ಬೇಕಾದರೂ ಹಾಕಿಸು.

ನೋಡು, ಮತ್ತೆ ಕಾಲಿಗೇ ಬಂದೆ. ಪಾಠ ಮಾಡಬಾರದು ಅಂದುಕೊಂಡೇ ಕೂತಿದ್ದೆ. ದೊಡ್ಡಪ್ಪ ಆಗ ನಿನಗಿಂತ ಸ್ವಲ್ಪ ದೊಡ್ಡವನು ಅಷ್ಟೇ. ಕಬಡ್ಡಿಯಲ್ಲಿ ಅವನನ್ನು ಹಿಡಿಯುವವರು ಇರಲಿಲ್ಲ. ಆಮೇಲೆ ಅಂಗಳಕ್ಕೆ ಇಳಿಯಲೇ ಇಲ್ಲ. ನಿಜ ಹೇಳಿದರೆ ಮಕ್ಕಳು ಗಾಡಿ ಮುಟ್ಟಲು ಹೆದರುತ್ತಾರೆ ಅಂತ ಕಣದ ಕಥೆ ಕಟ್ಟಿದ. ನಿನಗೆ ಗಾಡಿ ಕೊಡು ಅಂತ ಹಠ ಹಿಡಿದವನೂ ಅವನೇ. ನಾನು ಬರೆದದ್ದು ಅವನಿಗೆ ಗೊತ್ತಿಲ್ಲ, ಕೇಳಲು ಹೋಗಬೇಡ.

ಕಿಕ್ ಹೊಡೆಯುವುದು ನಿನಗೆ ಗೊತ್ತು. ಆದರೂ ಹೇಳುತ್ತೇನೆ. ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ ಹೋಗು, ಗಟ್ಟಿಯಾಗಿ ನಿಲ್ಲುವ ಜಾಗ ಸಿಗುತ್ತದೆ. ಎಂಜಿನ್ನಿನ ಒತ್ತಡ ಬಿಡುವ ಡಿಕಂಪ್ರೆಸರ್ ಹಿಡಿದು ಆಂಪ್ ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ, ಅದಕ್ಕಿಂತ ಒಂಚೂರು ಮುಂದಕ್ಕೆ ಒತ್ತು. ಡಿಕಂಪ್ರೆಸರ್ ಬಿಡು. ಕಿಕ್ಕರನ್ನು ಮೇಲಕ್ಕೆ ಬರಲು ಬಿಟ್ಟು, ಮೈಭಾರ ಹಾಕಿ ಕೊನೆಯವರೆಗೂ ತುಳಿ. ಅರ್ಧ ಮನಸ್ಸಿನ ಕಿಕ್ಕೇ ಅಪಾಯ. ಸುಸ್ತಾಗಿದ್ದರೆ, ಸಿಟ್ಟು ಬಂದಿದ್ದರೆ, ಹೊಡೆಯಲೇಬೇಡ, ಆಟೋ ಹತ್ತು. ಗಟ್ಟಿ ಶೂ ಹಾಕು. ಆಫೀಸಿನ ಚಪ್ಪಲಿ ಬೇಡವೇ ಬೇಡ.

ಫಿಲ್ಲರ್ ಗೇಜ್, ಕಂಡೆನ್ಸರ್ ಎರಡನ್ನೂ ಬಸ್ಸಿನ ಪಾರ್ಸೆಲ್ಲಿಗೆ ಹಾಕಿದ್ದೇನೆ. ಊತ ಇಳಿಯದಿದ್ದರೆ ಎಕ್ಸ್-ರೇ ತೆಗೆಸು, ದುಡ್ಡು ಹಾಕುತ್ತೇನೆ. ಭಾನುವಾರದವರೆಗೆ ಗಾಡಿ ಮುಟ್ಟಬೇಡ. ಅವತ್ತು ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ವಿಡಿಯೋ ಕಾಲ್ ಮಾಡು. ಟೈಮಿಂಗ್ ನೀನೇ ಸೆಟ್ ಮಾಡು, ನಾನು ಸುಮ್ನೆ ನೋಡುತ್ತಿರುತ್ತೇನೆ.

ನಿನ್ನ
ಅಪ್ಪ