ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಕಿವಿ ಬೇಡವೇ?

ಸಂಪಾದಕರಿಗೆ ನಮಸ್ಕಾರ.

ಬೆಂಗಳೂರಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ 22 ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಮೊನ್ನೆ ಹಳೇ ವಿದ್ಯಾರ್ಥಿಯೊಬ್ಬ ಬಸ್‌ಸ್ಟಾಪಿನಲ್ಲಿ ಸಿಕ್ಕಿದ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ 85 ತೆಗೆದವನು. ಕೆಲಸಕ್ಕೆ ಫೋನ್ ಇಂಟರ್‌ವ್ಯೂ ಇತ್ತಂತೆ. ‘ಸರ್, ಅವರು ಏನು ಕೇಳಿದ್ರು ಅಂತಾನೇ ಗೊತ್ತಾಗಲಿಲ್ಲ, ಬರೆದು ಕೊಟ್ಟಿದ್ರೆ ಉತ್ತರ ಹೇಳ್ತಿದ್ದೆ’ ಅಂದ. ನಗು ಬರಲಿಲ್ಲ. ತಪ್ಪು ಅವನದಲ್ಲ, ನಾವು ಅವನ ಕಿವಿಗೆ ಯಾವತ್ತೂ ಪರೀಕ್ಷೆ ಇಟ್ಟಿಲ್ಲ ಅಲ್ವಾ?

ಚೀನಾದ ಹೈಸ್ಕೂಲು ಮುಗಿಸುವ ಮಕ್ಕಳಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಕಾಲೇಜು ಸೇರಲು ಬರೆಯುವ ಗಾವ್‌ಕಾವ್ ಪರೀಕ್ಷೆಯ ರಾಷ್ಟ್ರೀಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ 150 ಅಂಕಕ್ಕೆ 30 ಅಂಕ ಬರೀ ಕೇಳಿ ಉತ್ತರಿಸುವುದಕ್ಕೆ (ಕೆಲವು ಪ್ರಾಂತ್ಯಗಳು ಬೇರೆ ವ್ಯವಸ್ಥೆ ಮಾಡಿಕೊಂಡಿವೆ). 20 ಪ್ರಶ್ನೆ, ಸುಮಾರು 20 ನಿಮಿಷ. ಮೊದಲ ಐದು ಚಿಕ್ಕ ಮಾತುಕತೆಗಳನ್ನು ಒಂದೇ ಸಲ ಕೇಳಿಸುತ್ತಾರೆ, ಉಳಿದದ್ದನ್ನು ಎರಡು ಸಲ. ಮಾದರಿ ಪ್ರಶ್ನೆಯಾಗಿ ವರ್ಷಗಟ್ಟಲೆ ಒಂದೇ ಷರ್ಟನ್ನು ಮಾರುತ್ತಾ ಬಂದಿದ್ದಾರೆ: ಇದರ ಬೆಲೆ 19.15 ಪೌಂಡೋ, 9.18 ಪೌಂಡೋ, 9.15 ಪೌಂಡೋ? ತೈವಾನಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕೇಳಿ ಉತ್ತರಿಸುವುದಕ್ಕೇ ಪ್ರತ್ಯೇಕ ಪರೀಕ್ಷೆ ಇದೆ, 40 ಪ್ರಶ್ನೆ, ಒಂದು ಗಂಟೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಫಲಿತಾಂಶ ಗ್ರೇಡಿನಲ್ಲಿ.

ಅವರ ಕಷ್ಟ ನಮ್ಮದಕ್ಕಿಂತ ಜಾಸ್ತಿಯೇ. ಅವರಾಡುವ ಮ್ಯಾಂಡರಿನ್ ಚೀನೀ ಭಾಷೆಯಲ್ಲಿ ಪದದ ಕೊನೆಗೆ ಪ್, ಟ್, ಕ್ ಬರುವುದೇ ಇಲ್ಲ, ಕ್ರಿಯಾಪದಕ್ಕೆ ಕಾಲ ತೋರಿಸುವ ಪ್ರತ್ಯಯವೂ ಇಲ್ಲ. ಹಾಗಾಗಿ ಇಂಗ್ಲಿಷ್ ಪದದ ಬಾಲದಲ್ಲಿ ಬರುವ ಚಿಕ್ಕ ಸದ್ದು ಅವರ ಕಿವಿಗೆ ಜಾರಿಬಿಡುತ್ತದೆ. ನಾವು ಆ ಬಾಲಕ್ಕೆ ಒಂದು ‘ಉ’ ಅಂಟಿಸಿ ಬಸ್ಸು, ಲೈಟು ಮಾಡಿಕೊಂಡು ಆರಾಮಾಗಿದ್ದೇವೆ. ಆದರೆ ಕೇಳುವಾಗ ನಾವೂ ಅಲ್ಲೇ ಎಡವುವುದು.

ಹೋದ ವರ್ಷ ಹತ್ತನೇ ಕ್ಲಾಸಿಗೆ ನಾನೇ ಒಂದು ಸಣ್ಣ ಟೆಸ್ಟ್ ಮಾಡಿದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಸ್ಪೀಕರಿನಲ್ಲಿ ಹಾಕಿದೆ. ‘ಷಿ ವರ್ಕ್ಟ್ ಇನ್ ಎ ಬ್ಯಾಂಕ್’ ಅಂತ ಒಂದು ವಾಕ್ಯ. ಪ್ರಶ್ನೆ: ಅವಳು ಈಗಲೂ ಅಲ್ಲೇ ಕೆಲಸ ಮಾಡುತ್ತಿದ್ದಾಳಾ? ಅರ್ಧ ಕ್ಲಾಸು ಹೌದು ಅಂತ ಬರೆಯಿತು. ಸಿಟ್ಟು ಬಂತು, ಆಮೇಲೆ ನಾಚಿಕೆಯೂ ಆಯಿತು, ಯಾಕೆಂದರೆ ಇಷ್ಟು ವರ್ಷ ಬೋರ್ಡಿನ ಮುಂದೆ ನಿಂತು ‘ವರ್ಕೆಡ್, ವರ್ಕೆಡ್’ ಅಂತ ಹೇಳಿಕೊಟ್ಟವನು ನಾನೇ, ಮಕ್ಕಳು ಆ ‘ಎಡ್’ಗಾಗಿ ಕಾಯುತ್ತಾ ಕೂತಿದ್ದರು, ಅದು ಬರಲೇ ಇಲ್ಲ. ನಾಲ್ಕನೇ ಪ್ರಶ್ನೆ ಹೊತ್ತಿಗೆ ಪಕ್ಕದ ಕಟ್ಟಡದಲ್ಲಿ ಡ್ರಿಲ್ಲಿಂಗ್ ಶುರುವಾಯಿತು. ಕೊನೇ ಬೆಂಚಿನ ಹುಡುಗಿ ಪೇಪರಿನಲ್ಲಿ ಉತ್ತರದ ಬದಲು ಕನ್ನಡದಲ್ಲೇ ಬರೆದಿದ್ದಳು, ‘ಸರ್ ಕೇಳಿಸಲಿಲ್ಲ’. ಅವಳಿಗೆ ಸೊನ್ನೆ ಕೊಡೋಕೆ ಮನಸ್ಸು ಬರಲಿಲ್ಲ. ಇಂಗ್ಲಿಷ್ ಬರಲಿಲ್ಲವೋ ಸದ್ದು ತಲುಪಲಿಲ್ಲವೋ ಅಂತ ಹೇಳೋದಾದರೂ ಹೇಗೆ?

ಹಾಂಗ್‌ಕಾಂಗಿನವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಅಲ್ಲಿ ಶಾಲೆ ಮುಗಿಸುವ ಡಿಎಸ್‌ಇ ಪರೀಕ್ಷೆಯಲ್ಲಿ ಇಂಗ್ಲಿಷ್ ಕೇಳಿಸುವ ಪತ್ರಿಕೆಯನ್ನು ರೇಡಿಯೋದಲ್ಲೇ ಪ್ರಸಾರ ಮಾಡುತ್ತಾರೆ. ಮಕ್ಕಳು ಹಾಲ್ ಟಿಕೆಟ್ ಜೊತೆ ತಮ್ಮ ಎಫ್‌ಎಂ ರೇಡಿಯೋ, ಇಯರ್‌ಫೋನನ್ನೂ ಹಿಡಿದುಕೊಂಡು ಹೋಗಬೇಕು. ಮುಂದಿನ ಬೆಂಚು, ಹಿಂದಿನ ಬೆಂಚು ಅನ್ನೋ ಜಗಳವೇ ಇಲ್ಲ. ನಮಗೇನು ಕಮ್ಮಿ? ಆಕಾಶವಾಣಿಯಲ್ಲಿ ‘ಕೇಳಿ ಕಲಿ’ ಪಾಠ ಕೇಳಿಸಿದ ರಾಜ್ಯ ನಮ್ಮದು. ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಸಂಸ್ಥೆ 1963ರಿಂದ ಬೆಂಗಳೂರಿನಲ್ಲೇ ಇದೆ, ಈಗ ಜ್ಞಾನಭಾರತಿಯಲ್ಲಿ. ಪ್ರಶ್ನೆಗಳನ್ನು ಅವರೇ ಮಾಡಲಿ, ದನಿಗಳು ನಮ್ಮ ಕಡೆಯವೇ ಇರಲಿ, ಲಂಡನ್ನಿನ ಷರ್ಟು ಬೇಡ, ಮೆಜೆಸ್ಟಿಕ್ಕಿನ ವಿಚಾರಣೆ ಕೌಂಟರ್ ಸಾಕು. ಮತ್ತೆ ದಯವಿಟ್ಟು ಇದನ್ನು ಇಂಟರ್ನಲ್ 20 ಅಂಕಕ್ಕೆ ಸೇರಿಸಬೇಡಿ. ಅದನ್ನು ನಾವು ಮೇಷ್ಟ್ರುಗಳು ಹೇಗೆ ಹಂಚುತ್ತೇವೆ ಅಂತ ಎಲ್ಲರಿಗೂ ಗೊತ್ತು. ಬೋರ್ಡ್ ಪರೀಕ್ಷೆಯ 80ರಲ್ಲೇ ಒಂದು ಹತ್ತು ಅಂಕ ಇಡಲಿ. ಮೊದಲ ಎರಡು ವರ್ಷ ಬೇಕಾದರೆ ಲೆಕ್ಕಕ್ಕೆ ಹಿಡಿಯದೆ ಸುಮ್ನೆ ನಡೆಸಿ ನೋಡಲಿ, ಕಿವಿ ಕೇಳಿಸದ ಮಕ್ಕಳಿಗೆ ಮೊದಲೇ ಬೇರೆ ಪತ್ರಿಕೆ ಕೊಡಲಿ.

ದಸರಾ ರಜೆ ಮುಗಿದ ಮೇಲೆ ನಾನಂತೂ ಇನ್ನೊಂದು ಟೆಸ್ಟ್ ಮಾಡುತ್ತೇನೆ. ಆ ಹುಡುಗಿಯ ತಮ್ಮ ಈ ಸಲ ಹತ್ತನೇ ಕ್ಲಾಸು, ಅವನೂ ಕೊನೇ ಬೆಂಚೇ. ಯಾರ ಹತ್ತಿರವಾದರೂ ಒಳ್ಳೆ ಸ್ಪೀಕರ್ ಇದ್ದರೆ ಒಂದು ದಿನದ ಮಟ್ಟಿಗೆ ಕೊಡಿ. ನಮ್ಮ ಶಾಲೆಯದು ಗೊರಗೊರ ಅನ್ನುತ್ತಿದೆ.

– ಒಬ್ಬ ಇಂಗ್ಲಿಷ್ ಮೇಷ್ಟ್ರು, ಬೆಂಗಳೂರು