ಹಾಡೋದಾ ನಟಿಸೋದಾ ಅಂತ ಯಾಕೆ ಕೇಳ್ತೀರಾ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಸಿನಿಮಾ ಪುರವಣಿಲಿ ಪಂಜಾಬಿ ಗಾಯಕ, ನಟ ದಿಲ್ಜಿತ್ ದೋಸಾಂಜ್ ಬಗ್ಗೆ ಅರ್ಧ ಪೇಜ್ ಬಂದಿತ್ತು. ಆಸೆಯಿಂದ ಓದೋಕೆ ಕೂತ್ರೆ ಟಿಕೆಟ್ ರೇಟು, ಹಾಕ್ಕೊಂಡಿರೋ ಬಟ್ಟೆ, ಯಾರ ಜೊತೆ ಕಿರಿಕ್ಕು, ಅಷ್ಟರಲ್ಲೇ ಮುಗಿದೋಯ್ತು, ಕೊನೇಲಿ 'ಈಗ ನಟನೆಗೂ ಕೈ ಹಾಕಿದ್ದಾರೆ' ಅಂತ ಒಂದು ಸಾಲು ಬೇರೆ. ಈಗ ಅಲ್ಲ ಸಾರ್. ಅವರು ಹೀರೋ ಆಗಿದ್ದು 2011ರಲ್ಲೇ, 2016ರ 'ಉಡ್ತಾ ಪಂಜಾಬ್' ಸಿನಿಮಾದ ಪೊಲೀಸ್ ಪಾತ್ರಕ್ಕೆ ಫಿಲ್ಮ್‌ಫೇರ್ ಕೂಡ ಬಂತು.

ನಾನು ಬಸ್ ಡಿಪೋಲಿ ಮೆಕ್ಯಾನಿಕ್. ದಿಲ್ಜಿತ್ ಅವರ ಅಪ್ಪನೂ ಪಂಜಾಬ್ ರೋಡ್‌ವೇಸ್ ನೌಕರರು ಅಂತ ಗೊತ್ತಾದಾಗಿಂದ ಯಾಕೋ ಅವರ ಮೇಲೆ ನಮ್ಮವರು ಅನ್ನೋ ಪ್ರೀತಿ. ಜಲಂಧರ್ ಜಿಲ್ಲೆಯ ದೋಸಾಂಜ್ ಕಲಾನ್ ಅನ್ನೋ ಹಳ್ಳಿ ಅವರದು, ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಲುಧಿಯಾನಾದಲ್ಲಿ ಸೋದರಮಾವನ ಮನೆಗೆ ಹೋದ ಹುಡುಗ, ಗುರುದ್ವಾರದಲ್ಲಿ ಕೀರ್ತನೆ ಹಾಡ್ತಾ ಶುರು ಮಾಡಿ, ಆಮೇಲೆ ಭಾಂಗ್ಡಾ, 2009ರಲ್ಲಿ ರ‍್ಯಾಪರ್ ಹನಿ ಸಿಂಗ್ ಜೊತೆ ಸೇರಿ ಹಿಪ್‌ಹಾಪ್ ಬೀಟು, 2021ರ 'ಮೂನ್‌ಚೈಲ್ಡ್ ಎರಾ' ಆಲ್ಬಮ್ಮಲ್ಲಂತೂ ಪೂರ್ತಿ ಬೇರೆ ಥರದ ಪಾಪ್. ನಂಗೆ ಅದೇ ಎಲ್ಲಕ್ಕಿಂತ ಇಷ್ಟ. ಬೀಟ್ ಎಷ್ಟು ಬದಲಾದ್ರೂ ಆ ಹೊಲದ ಬದು ಮೇಲೆ ನಿಂತು ಕೂಗಿ ಹಾಡೋ ಗಂಟಲು ಹಾಗೇ ಇದೆ, ಭಾಷೆನೂ ಹಾಗೇ ಇದೆ. 2023ರಲ್ಲಿ ಅಮೆರಿಕದ ಕೋಚೆಲಾ ಸಂಗೀತ ಉತ್ಸವದಲ್ಲಿ ಪೇಟ ಕಟ್ಕೊಂಡೇ ನಿಂತು ಪಂಜಾಬಿಲೇ ಹಾಡಿದ್ರಲ್ಲ, ಆ ವಿಡಿಯೋ ನೋಡಿದಾಗೆಲ್ಲ ಮೈ ಜುಂ ಅನ್ನತ್ತೆ.

ಇನ್ನು ದಿಲ್ಜಿತ್ ಹೀರೋ ಆಗಿರೋ 2024ರ ಸಿನಿಮಾ 'ಅಮರ್ ಸಿಂಗ್ ಚಮ್ಕೀಲಾ'. ಹಳ್ಳಿ ಹಳ್ಳಿ ಸುತ್ತಿ ಹಾಡ್ತಿದ್ದ, 1988ರಲ್ಲಿ ಹೆಂಡತಿ ಜೊತೆಗೇ ಗುಂಡೇಟಿಗೆ ಬಲಿಯಾದ ಹಾಡುಗಾರನ ಕಥೆ. ಅದ್ರಲ್ಲಿ ಚಮ್ಕೀಲಾನ ಹಾಡುಗಳನ್ನ ದಿಲ್ಜಿತ್, ಪರಿಣೀತಿ ಚೋಪ್ರಾ ಇಬ್ರೂ ಶೂಟಿಂಗ್ ಜಾಗದಲ್ಲೇ ಲೈವ್ ಹಾಡಿದ್ದಾರೆ, ಸ್ಟುಡಿಯೋಲಿ ರೆಕಾರ್ಡ್ ಮಾಡಿ ಬಂದು ತುಟಿ ಆಡಿಸಿದ್ದಲ್ಲ. ಕೈಲಿ 'ತುಂಬಿ' ಅನ್ನೋ ಒಂಟಿ ತಂತಿ ವಾದ್ಯ ಹಿಡ್ಕೊಂಡು ಹಾಡ್ತಾ ಹಾಡ್ತಾನೇ ಆ ಮನುಷ್ಯನ ಭಯ, ಹಟ ಎಲ್ಲ ಮುಖದಲ್ಲಿ ಬರ್ಬೇಕು. ಇಲ್ಲಿ ಹಾಡು ಯಾವ್ದು ನಟನೆ ಯಾವ್ದು ಅಂತ ಹೇಗೆ ಬೇರೆ ಮಾಡ್ತೀರಾ?

ನನಗೆ ಯಾಕೆ ಇಷ್ಟು ಸಂಕಟ ಅಂದ್ರೆ ನನ್ನ ಮಗನೂ ಇದೇ ದಾರಿ ಹಿಡಿದಿದ್ದಾನೆ. ಊರಿನ ಕುರುಕ್ಷೇತ್ರ ನಾಟಕದಲ್ಲಿ ಅಭಿಮನ್ಯು ಅವನೇ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೊಟ್ರೆ ಕಂದಪದ್ಯ ಎತ್ತಿ ಬಿಡ್ತಾನೆ, ಅದೇ ರಾಗಕ್ಕೆ ಮನೆಲಿ ಮೊಬೈಲ್ ಬೀಟ್ ಹಾಕ್ಕೊಂಡು ರ‍್ಯಾಪ್ ಮಾಡ್ತಾನೆ. ಬೆಂಗಳೂರಲ್ಲಿ ಒಂದು ಆಡಿಷನ್ನಿಗೆ ಹೋದ್ರೆ ಅಲ್ಲಿದ್ದವರು 'ಯಾವುದಾದ್ರೂ ಒಂದು ಹಿಡ್ಕೊಳಪ್ಪ, ಕಲಸುಮೇಲೋಗರ ಮಾಡಬೇಡ' ಅಂದ್ರಂತೆ. ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ ಹುಡುಗ. ಕಂಪನಿ ನಾಟಕದ ಕಾಲದಲ್ಲಿ ಹಾಡೋಕೆ ಬರದವನಿಗೆ ದೊಡ್ಡ ಪಾರ್ಟೇ ಸಿಗ್ತಿರ್ಲಿಲ್ಲ, ಚೆನ್ನಾಗಿ ಹಾಡಿದ್ರೆ ಜನ ಒನ್ಸ್ ಮೋರ್ ಅಂತಿದ್ರು, ಸತ್ತು ಬಿದ್ದ ಪಾತ್ರನೂ ಎದ್ದು ಇನ್ನೊಂದ್ಸಲ ಹಾಡ್ಬೇಕಿತ್ತು! ಗುಬ್ಬಿ ಕಂಪನಿಲಿ ಪಳಗಿದ ನಮ್ಮ ಅಣ್ಣಾವ್ರಿಗೆ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಹಿನ್ನೆಲೆ ಗಾಯಕ ಅಂತ. ಇಂಥ ನಾಡಲ್ಲಿ ಒಂದೇ ಹಿಡ್ಕೋ ಅನ್ನೋದು ಯಾವ ನ್ಯಾಯ?

'ಕಾಂತಾರ ಚಾಪ್ಟರ್ 1'ಕ್ಕೆ ಅಜನೀಶ್ ಲೋಕನಾಥ್ ಮ್ಯೂಸಿಕ್ಕಲ್ಲಿ ದಿಲ್ಜಿತ್ ಹಾಡಿದಾಗ್ಲೂ ಬರೀ ಫೋಟೋ, ಹಾಡಿನ ಬಗ್ಗೆ ನಾಲ್ಕು ಮಾತು ನಾನಂತೂ ಎಲ್ಲೂ ಓದ್ಲಿಲ್ಲ. ದಯವಿಟ್ಟು ಸಂಗೀತ ಗೊತ್ತಿರೋ ಒಬ್ಬರ ಕೈಲಿ ಅವರ ಹಾಡಿನ ಬಗ್ಗೆ ಬರೆಸಿ ಸಾರ್. ಹಾಗೇ ನಮ್ಮೂರ ಕಡೆ ಹಬ್ಬಕ್ಕೆ ನಾಟಕ ಆದಾಗ ನಿಮ್ಮ ವರದಿಗಾರರನ್ನೂ ಒಂದ್ಸಲ ಕಳಿಸಿ, ರಾತ್ರಿ ಊಟ ನಮ್ಮ ಮನೇಲೇ.

– ಒಬ್ಬ ಓದುಗ, ಹಾಸನ ಜಿಲ್ಲೆ