ಹೂವಿನ ಬಣ್ಣದ ಮಣಿಗಳು ಮುಗಿದವು, ಅತ್ತಿಗೆಗೆ ಮೊದಲ ನಮಸ್ಕಾರ

ಅಂತೂ ಹೂವಿನ ಬಣ್ಣದ ಗಾಜಿನ ಮಣಿಗಳೆಲ್ಲ ಸರವಾದವು. ಅಬ್ಬಲಿಗೆ, ಶಂಖಪುಷ್ಪ, ಗೌರಿ ಹೂ, ಸೀತಾಳೆದಂಡೆ. ಎಲ್ಲ ಆಯಿಯ ಅಂಗಳದವೇ, ಸೀತಾಳೆದಂಡೆ ಮಾತ್ರ ಬೇಲಿಯಾಚೆಯ ಮಾವಿನ ಮರದ್ದು. ಶನಿವಾರ ಶಿರಸಿಗೆ ಅಷ್ಟು ಜನ ಬಂದಿರಿ, ಒಂದೊಂದು ಮಣಿಯನ್ನೂ ಬೆಳಕಿಗೆ ಹಿಡಿದು ನೋಡಿದಿರಿ. ಅಲ್ಲಿ ನನಗೆ ಮಾತೇ ಹೊರಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗ್ಯಾಸ್ ಸಿಲಿಂಡರ್ ಹೊತ್ತು ತಂದ ಅಣ್ಣ, ಅಂಕೋಲಾದಿಂದ ಬಸ್ಸಿನಲ್ಲಿ ಹೂ ಕಳಿಸಿದ ಗೆಳತಿ, ಸರ ಪೋಣಿಸಿದ ಕುಮಟಾದ ಚಿಕ್ಕಮ್ಮ, ಮುಂಗಡ ಕೊಟ್ಟು ಒಂದು ಸಲವೂ ವಿಚಾರಿಸದೆ ಕಾದವರು, ನಿಮಗೆಲ್ಲ ಮನಸಾರೆ ನಮಸ್ಕಾರ.

ಅತ್ತಿಗೆಯ ವಿಷಯ ಮಾತ್ರ ಒಂದು ಸಾಲಿಗೆ ಮುಗಿಯುವುದಿಲ್ಲ.

ಮಳೆಗಾಲದಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಆಯಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ ಆ ರಾತ್ರಿ ಬೇರೆಯವರನ್ನೆಲ್ಲ ಮನೆಗೆ ಕಳಿಸಿ ಐಸಿಯು ಬಾಗಿಲಲ್ಲಿ ನನ್ನ ಜೊತೆ ಉಳಿದವಳು ಅವಳೊಬ್ಬಳೇ. ಸಮಾಧಾನದ ಮಾತು ಒಂದೂ ಆಡಲಿಲ್ಲ. "ಅಬ್ಬಲಿಗೆಗೆ ಯಾವ ಗಾಜು ಹಾಕ್ತೀಯೇ?" ಅಂತ ಕೇಳಿದಳು. ಕೇಸರಿ ಅಂದೆ. "ಬರೀ ಕೇಸರಿ ಎಲ್ಲಿ? ನಡುವೆ ಹಳದಿ ಇಲ್ವಾ? ಇವತ್ತು ಅರಳಿದ್ದು ಬೇರೆ, ನಿನ್ನೆಯದು ಬೇರೆ. ಆಯಿ ಬಾಳೆನಾರಲ್ಲಿ ದಂಡೆ ಕಟ್ಟುವಾಗ ಎರಡನ್ನೂ ಬೆರೆಸ್ತಿರಲಿಲ್ವಾ?"

ಅವಳು ಕೇಳುತ್ತಾ ಹೋದಳು, ನಾನು ಔಷಧಿ ಬಿಲ್ಲಿನ ಹಿಂದೆ ಬರೆಯುತ್ತಾ ಹೋದೆ. ಕೇಸರಿ ಗಾಜಿನ ಪುಡಿ ಎರಡು ಪಾಲು, ಹವಳದ ಬಣ್ಣದ್ದು ಒಂದು, ಹಳದಿ ಕಾಲು, ದಂತದ ಬಣ್ಣದ್ದು ಚಿಟಿಕೆಯಷ್ಟು. ಬಿಸಿ ಮಣಿಯನ್ನು ಆ ಪುಡಿಯಲ್ಲಿ ಹೊರಳಿಸಿ ಮತ್ತೆ ಜ್ವಾಲೆಗೆ ಹಿಡಿಯಬೇಕು. ಕೋಬಾಲ್ಟ್ ನೀಲಿ ದಪ್ಪವಾದರೆ ಕಪ್ಪಾಗಿ ಕಾಣುತ್ತದೆ, ಹಾಗಾಗಿ ಶಂಖಪುಷ್ಪಕ್ಕೆ ಬಿಳಿ ಮಣಿಯ ಮೇಲೆ ಅದನ್ನು ತೆಳ್ಳಗೆ ಎಳೆದು, ಮೇಲೆ ಬಣ್ಣವಿಲ್ಲದ ಗಾಜು ಹೊದಿಸಬೇಕು. ಸೀತಾಳೆದಂಡೆಯ ಚುಕ್ಕಿಗಳಿಗೆ ಬೇಕಾದ ಗುಲಾಬಿ ಗಾಜಿಗೆ ಬಣ್ಣ ಬರುವುದು ಚಿನ್ನದಿಂದ, ಜಾಸ್ತಿ ಕಾಸಿದರೆ ಅದು ಮಂಕಾಗುತ್ತದೆ. "ಎಲ್ಲ ಗಾಜೂ ಒಂದಕ್ಕೊಂದು ಹೊಂದುತ್ತವಾ?" ಅಂದಳು. ಬಿಸಿಗೆ ಒಂದೇ ಸಮ ಹಿಗ್ಗುವ ಗಾಜೇ ಆಗಬೇಕು, ಇಟಲಿಯ ಮುರಾನೊದ, ಹಿಗ್ಗುವ ಅಳತೆ 104 ಇರುವ ಗಾಜಿನ ಕಡ್ಡಿ ಹಿಡಿದರೆ ಎಲ್ಲವೂ 104ರದ್ದೇ, ಇಲ್ಲವಾದರೆ ತಣಿಯುವಾಗ ಮಣಿ ಸೀಳುತ್ತದೆ ಅಂದೆ. ಹೀಗೇ ಕಳೆಯಿತು ರಾತ್ರಿ.

ಬೆಳಗಿನ ಜಾವ ಒಳಗಿಂದ ಕರೆದರು.

ಆಯಿ ಒಂದು ಮಣಿಯನ್ನೂ ನೋಡಲಿಲ್ಲ. ಇವತ್ತಿಗೂ ನನಗೆ ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ಆಮೇಲೆ ನಾನು ಗಾಜು ಕರಗಿಸುವ ಟಾರ್ಚ್ ಮುಟ್ಟಲಿಲ್ಲ. ನವರಾತ್ರಿ ಕಳೆದ ಮೇಲೆ ಅತ್ತಿಗೆ ಆ ಬಿಲ್ಲು ತಂದು ನನ್ನ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಏಳಲೇ ಇಲ್ಲ. ಮಾಡಿದ ಮಣಿಗಳನ್ನು ಕರೆಂಟ್ ಕುಲುಮೆ, ಅಂದರೆ ಕಿಲ್ನ್‌ನಲ್ಲಿ 510 ಡಿಗ್ರಿ ಆಸುಪಾಸು ಇಟ್ಟು, ನಿಧಾನಕ್ಕೆ ತಣಿಸಬೇಕು. ನಮ್ಮ ಕಡೆಯ ಕರೆಂಟ್ ನಿಮಗೆ ಗೊತ್ತಲ್ಲ, ಯಾವಾಗ ಹೋಗುತ್ತದೋ ಹೇಳಲಾಗುವುದಿಲ್ಲ. ನಾನು ಮಲಗಿದ ಮೇಲೆ ಎದ್ದು ಎದ್ದು ಕಿಲ್ನ್ ಬಿಸಿಯ ಮೀಟರ್ ನೋಡಿದವಳೂ ಅವಳೇ. ಅತ್ತಿಗೇ, ಈ ಕೆಲಸದಲ್ಲಿ ಅರ್ಧ ನಿನ್ನದು. ಬೇಡ ಅನ್ನಬೇಡ.

ಸುರಗಿ ಹೂವಿನ ಮಣಿ ಯಾವಾಗ ಅಂತ ಸುಮಾರು ಜನ ಕೇಳಿದ್ದೀರಿ. ಬಿಳಿ ಎಸಳು ಸುಲಭ, ನಡುವಿನ ಆ ಹಳದಿ ಕೇಸರಗಳ ಗುಂಪೇ ಕಷ್ಟ. ಮರದಲ್ಲಿ ಮೊಗ್ಗು ಕಾಣಿಸಲಿ, ಎದುರಿಗೆ ಹೂವಿಟ್ಟುಕೊಂಡೇ ಶುರು ಮಾಡುತ್ತೇವೆ.